ಮಾರಾಟಕ್ಕಿರುವ ಮನೆಗಳು ಹೆಚ್ಚಿದಾಗ: ಕೊಳ್ಳುವವರ ಲೆಕ್ಕ, ಮಾರುವವರ ಲೆಕ್ಕ

ಮಾರಾಟಕ್ಕಿರುವ ಮನೆಗಳ ಸಂಖ್ಯೆ ಏರುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೊಳ್ಳಬೇಕೆಂದಿರುವವರು ಇನ್ನು ಬೆಲೆ ಬಿದ್ದೇ ಬೀಳುತ್ತದೆ, ಸ್ವಲ್ಪ ತಡೆದರೆ ಅಗ್ಗಕ್ಕೆ ಸಿಗುತ್ತದೆ ಎಂದುಕೊಳ್ಳುತ್ತಾರೆ. ಮಾರಬೇಕೆಂದಿರುವವರು ಇದೆಲ್ಲ ನಾಲ್ಕು ದಿನದ ಮಂಕು, ನಮ್ಮ ಮನೆಗೆ ತಕ್ಕ ಗಿರಾಕಿ ಬಂದೇ ಬರುತ್ತಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಎರಡು ಎಣಿಕೆಗಳೂ ಅವಸರದವು. ದಾಸ್ತಾನು ಏರಿದಾಗ ಮೊದಲು ಕಾಣುವ ಬದಲಾವಣೆ ಪುರುಸೊತ್ತಿನದು: ಅಲ್ಲಿಯವರೆಗೆ ಮಾರುವವರ ಬಳಿ ಇದ್ದ ಕಾಯುವ ಶಕ್ತಿ ಕೊಳ್ಳುವವರ ಕಡೆಗೆ ಸರಿಯುತ್ತದೆ. ಬೆಲೆ ಆಮೇಲೆ, ನಿಧಾನವಾಗಿ, ಒಂದೊಂದು ಊರಿನಲ್ಲಿ ಒಂದೊಂದು ಪ್ರಮಾಣದಲ್ಲಿ ಹಿಂಬಾಲಿಸುತ್ತದೆ. ಕೆಲವೊಮ್ಮೆ ಹಿಂಬಾಲಿಸುವುದೇ ಇಲ್ಲ. ಆದ್ದರಿಂದ ಇಂಥ ಕಾಲದಲ್ಲಿ ಇಬ್ಬರಿಗೂ ಹೇಳಬೇಕಾದ ಸಲಹೆಯ ಬಹುಪಾಲು ಸಮಯವನ್ನು ಹೇಗೆ ಬಳಸಬೇಕು, ಅದರ ಖರ್ಚು ಎಷ್ಟು ಎಂಬುದರ ಸುತ್ತಲೇ ಇದೆ.

ಬರೀ ಮನೆಗಳ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಸಾವಿರ ಮನೆಗಳು ಮಾರಾಟಕ್ಕಿವೆ ಎಂದರೆ ದೊಡ್ಡ ನಗರಕ್ಕೆ ಅದು ಬರಗಾಲ, ಸಣ್ಣ ಪಟ್ಟಣಕ್ಕೆ ಪ್ರವಾಹ. ಅದಕ್ಕಾಗಿಯೇ ಈ ಕ್ಷೇತ್ರವನ್ನು ಗಮನಿಸುವವರು ತಿಂಗಳುಗಳ ಲೆಕ್ಕ ಹಿಡಿಯುತ್ತಾರೆ. ಹೊಸದಾಗಿ ಒಂದು ಮನೆಯೂ ಮಾರಾಟಕ್ಕೆ ಬರದಿದ್ದರೆ, ಈಗಿನ ವೇಗದಲ್ಲಿ, ಇರುವ ಮನೆಗಳೆಲ್ಲ ಮಾರಿಹೋಗಲು ಎಷ್ಟು ತಿಂಗಳು ಬೇಕು ಎಂಬುದೇ ಆ ಲೆಕ್ಕ. 600 ಮನೆಗಳಿದ್ದು ತಿಂಗಳಿಗೆ 100 ಮಾರಾಟವಾಗುತ್ತಿದ್ದರೆ ಆರು ತಿಂಗಳ ದಾಸ್ತಾನು. ಸಾಮಾನ್ಯವಾಗಿ ಐದಾರು ತಿಂಗಳನ್ನು ಸಮತೋಲನದ ಸ್ಥಿತಿ ಎಂದು ಪರಿಗಣಿಸುವ ರೂಢಿಯಿದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಮಾರುವವರ ಮಾತು ನಡೆಯುತ್ತದೆ, ಹೆಚ್ಚಿದ್ದರೆ ಕೊಳ್ಳುವವರದು. ಇದು ಗೆರೆ ಕೊರೆದಂಥ ನಿಯಮವಲ್ಲ, ಒಂದು ಅಂದಾಜು. ಆದರೂ ದಿಕ್ಕು ತಿಳಿಯಲು ಇದಕ್ಕಿಂತ ಸರಳವಾದ ಅಳತೆ ಸಾಮಾನ್ಯ ಓದುಗರಿಗೆ ಸಿಗುವುದು ಕಷ್ಟ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಅಂಶವಿದೆ. ದಾಸ್ತಾನು ಹೆಚ್ಚಿದೆ ಎಂದಾಕ್ಷಣ ಹೆಚ್ಚು ಜನ ಮನೆ ಮಾರಲು ಹೊರಟಿದ್ದಾರೆ ಎಂದು ಅರ್ಥವಲ್ಲ. ಪ್ರತಿ ತಿಂಗಳು 100 ಮನೆಗಳು ಹೊಸದಾಗಿ ಮಾರಾಟಕ್ಕೆ ಬರುತ್ತವೆ, ಒಂದೊಂದೂ ಸರಾಸರಿ ಎರಡು ತಿಂಗಳಲ್ಲಿ ಮಾರಿಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಯಾವುದೇ ದಿನ ನೋಡಿದರೂ ಸುಮಾರು 200 ಮನೆಗಳು ಪಟ್ಟಿಯಲ್ಲಿರುತ್ತವೆ. ಬರುವ ಮನೆಗಳ ಸಂಖ್ಯೆ ಹಾಗೆಯೇ ಇದ್ದು, ಮಾರಲು ಹಿಡಿಯುವ ಕಾಲ ಮಾತ್ರ ನಾಲ್ಕು ತಿಂಗಳಾದರೆ ಪಟ್ಟಿ 400ಕ್ಕೆ ಏರುತ್ತದೆ. ಹೆಚ್ಚುವರಿಯಾಗಿ ಒಬ್ಬನೇ ಒಬ್ಬ ಮಾಲೀಕ ಮಾರಾಟಕ್ಕೆ ಇಳಿಯದಿದ್ದರೂ ದಾಸ್ತಾನು ಇಮ್ಮಡಿಯಾಯಿತು. ಅಂದರೆ ಏರಿಕೆಯ ಹಿಂದೆ ಕೊಳ್ಳುವವರ ಹಿಂಜರಿತ ಮಾತ್ರ ಇರಬಹುದು. ಹೊಸದಾಗಿ ಬರುತ್ತಿರುವ ಮನೆಗಳೇ ಹೆಚ್ಚಿವೆಯೇ, ಅಥವಾ ಬಂದವು ಹೋಗದೆ ಉಳಿಯುತ್ತಿವೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳದೆ ಮುಂದಿನ ಯಾವ ಲೆಕ್ಕವನ್ನೂ ಹಾಕಲಾಗದು.

ಅಮೆರಿಕದ ಇತ್ತೀಚಿನ ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ರಿಯಲ್ಟರ್‌ಗಳ, ಅಂದರೆ ಮನೆ ಮಾರಾಟದ ಏಜೆಂಟರ, ರಾಷ್ಟ್ರೀಯ ಸಂಘದ ಲೆಕ್ಕದಂತೆ 2022ರ ಜನವರಿಯಲ್ಲಿ ಹಳೆಯ ಮನೆಗಳ ದಾಸ್ತಾನು ಕೇವಲ 1.6 ತಿಂಗಳಿಗೆ ಇಳಿದಿತ್ತು; 2025ರ ಜೂನ್ ಹೊತ್ತಿಗೆ ಅದು ನಾಲ್ಕೂವರೆ ತಿಂಗಳನ್ನು ದಾಟಿತ್ತು. ಇದಕ್ಕೆ ಮುಖ್ಯ ಕಾರಣ ಗೃಹಸಾಲದ ಬಡ್ಡಿ. 2021ರಲ್ಲಿ ಶೇ. 3ರ ಆಸುಪಾಸಿನಲ್ಲಿದ್ದ ಮೂವತ್ತು ವರ್ಷಗಳ ಸ್ಥಿರ ಬಡ್ಡಿದರ 2023ರ ಅಕ್ಟೋಬರ್‌ನಲ್ಲಿ ಶೇ. 8ರ ಸಮೀಪಕ್ಕೆ ಹೋಗಿ, 2021ರಲ್ಲಿ 61 ಲಕ್ಷದಷ್ಟಿದ್ದ ವಾರ್ಷಿಕ ಮಾರಾಟ 2023 ಮತ್ತು 2024ರಲ್ಲಿ 41 ಲಕ್ಷದ ಆಸುಪಾಸಿಗೆ ಕುಸಿಯಿತು. ಅಗ್ಗದ ಬಡ್ಡಿಯ ಸಾಲ ಹೊಂದಿದ್ದ ಮಾಲೀಕರು ಅದನ್ನು ಬಿಟ್ಟು ದುಬಾರಿ ಸಾಲಕ್ಕೆ ಹೋಗಲು ಮನಸ್ಸು ಮಾಡದೆ ಮನೆಯಲ್ಲೇ ಉಳಿದರು. ಹೀಗಾಗಿ ದಾಸ್ತಾನು ಸುಮಾರು ಮೂರು ಪಟ್ಟಾದರೂ 2025ರ ಜೂನ್‌ನಲ್ಲಿ ದೇಶದ ಮಧ್ಯಮ ಬೆಲೆ (ಅರ್ಧ ಮನೆಗಳು ಅದಕ್ಕಿಂತ ಹೆಚ್ಚಿಗೆ, ಅರ್ಧ ಕಡಿಮೆಗೆ ಮಾರಿದ ಬೆಲೆ) ದಾಖಲೆಯ ಮಟ್ಟದಲ್ಲೇ ಇತ್ತು. ಅದೇ ಕಾಲದಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಂಥ, ಹೊಸ ನಿರ್ಮಾಣ ಭರದಿಂದ ಸಾಗಿದ್ದ ನಗರಗಳಲ್ಲಿ ಬೆಲೆ 2022ರ ಮಟ್ಟದಿಂದ ಗಣನೀಯವಾಗಿ ಇಳಿದಿತ್ತು. ಒಂದೇ ದೇಶ, ಒಂದೇ ಬಡ್ಡಿದರ, ಎರಡು ಬಗೆಯ ಫಲಿತಾಂಶ.

ಇದನ್ನು 2010ರ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷದ ಜುಲೈನಲ್ಲಿ ಅಮೆರಿಕದ ದಾಸ್ತಾನು ಸುಮಾರು ಹನ್ನೆರಡು ತಿಂಗಳಿನಷ್ಟಿತ್ತು, ಮತ್ತು ಅದರಲ್ಲಿ ಸಾಲ ತೀರಿಸಲಾಗದೆ ಬ್ಯಾಂಕಿನ ವಶಕ್ಕೆ ಹೋದ ಮನೆಗಳು ಬಹಳವಿದ್ದವು. ಬ್ಯಾಂಕಿಗೆ ಆ ಗೋಡೆಗಳ ಮೇಲೆ ಮಮತೆಯಿಲ್ಲ. ಬಂದಷ್ಟಕ್ಕೆ ಮಾರಿ ಲೆಕ್ಕ ಮುಗಿಸುವುದಷ್ಟೇ ಅದರ ಉದ್ದೇಶ. ಸ್ಪೇನ್‌ನಲ್ಲಿ ನಿರ್ಮಾಣದ ಅಬ್ಬರ ಮುಗಿದು 2009ರ ಹೊತ್ತಿಗೆ ಏಳು ಲಕ್ಷದ ಸಮೀಪ ಹೊಸ ಮನೆಗಳು ಕೊಳ್ಳುವವರಿಲ್ಲದೆ ಉಳಿದಿದ್ದವು. ಅವುಗಳಲ್ಲಿ ದೊಡ್ಡ ಪಾಲು ಮೆಡಿಟರೇನಿಯನ್ ಕರಾವಳಿಯ ಪ್ರಾಂತ್ಯಗಳಲ್ಲಿತ್ತು. ಮಾರಲೇಬೇಕಾದವರು ಹೆಚ್ಚಿದ್ದಲ್ಲಿ, ಇಲ್ಲವೇ ಜನರಿಗಿಂತ ಮನೆಗಳು ಹೆಚ್ಚಿದ್ದಲ್ಲಿ ಬೆಲೆ ಕುಸಿಯುತ್ತದೆ. ಮಾರದೆಯೂ ಇರಬಲ್ಲವರು ಹೆಚ್ಚಿದ್ದಲ್ಲಿ ಬೆಲೆ ನಿಂತಲ್ಲೇ ನಿಂತು ವ್ಯವಹಾರ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ರಾಷ್ಟ್ರಮಟ್ಟದ ಅಂಕಿಅಂಶ ಓದಿ ನಮ್ಮ ಬೀದಿಯ ಬೆಲೆ ಊಹಿಸಹೊರಟರೆ ಕೊಳ್ಳುವವರಿಗೂ ಮಾರುವವರಿಗೂ ದಾರಿ ತಪ್ಪುತ್ತದೆ. ನೋಡಬೇಕಾದದ್ದು ಅದೇ ಬಡಾವಣೆಯ, ಅದೇ ಅಳತೆಯ, ಅದೇ ಬೆಲೆ ಶ್ರೇಣಿಯ ಮನೆಗಳನ್ನು. ಎರಡು ಮಲಗುವ ಕೋಣೆಗಳ ಮನೆಗಳು ವಾರದಲ್ಲಿ ಹೋಗುತ್ತಿರುವ ಜಾಗದಲ್ಲೇ ದೊಡ್ಡ ವಿಲ್ಲಾಗಳು ವರ್ಷಗಟ್ಟಲೆ ಖಾಲಿ ನಿಂತಿರುವುದು ಅಪರೂಪವೇನಲ್ಲ.

ಬೆಲೆ ಏಕೆ ಬೇಗ ಇಳಿಯುವುದಿಲ್ಲ ಎಂಬುದಕ್ಕೆ ಮಾರುವವರ ಮನಸ್ಸಿನಲ್ಲೇ ಉತ್ತರವಿದೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೊಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬಾಸ್ಟನ್ ನಗರದ ಫ್ಲಾಟುಗಳ ಮಾರಾಟವನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಕೊಂಡ ಬೆಲೆಗಿಂತ ಈಗಿನ ಮಾರುಕಟ್ಟೆ ಬೆಲೆ ಕಡಿಮೆಯಿದ್ದಾಗ, ಮಾಲೀಕರು ಆ ವ್ಯತ್ಯಾಸದ ಶೇ. 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಗೆ ಸೇರಿಸುತ್ತಿದ್ದರು. ಕೊನೆಗೆ ಹೆಚ್ಚಾಗಿ ಕೈಗೆ ಬರುತ್ತಿದ್ದದ್ದು ಆ ವ್ಯತ್ಯಾಸದ ಶೇ. 3ರಿಂದ 18ರಷ್ಟು ಮಾತ್ರ. ಮೇಲಾಗಿ ಮನೆ ಮಾರಿಹೋಗಲು ಹೆಚ್ಚು ಕಾಲ ಹಿಡಿಯುತ್ತಿತ್ತು. ನೂರಕ್ಕೆ ಕೊಂಡ ಮನೆಗೆ ಇಂದು ಎಂಬತ್ತು ಬೆಲೆಯಿದೆ ಎಂದರೆ, ಮಾಲೀಕ ತನ್ನ ನೆರೆಯವನಿಗಿಂತ ಐದರಿಂದ ಏಳು ಹೆಚ್ಚು ಕೇಳುತ್ತಾನೆ, ಹೆಚ್ಚೆಂದರೆ ಮೂರು ಮೂರೂವರೆ ಹೆಚ್ಚು ಪಡೆಯುತ್ತಾನೆ, ಬಹಳ ಸಲ ಅದೂ ಇಲ್ಲ. ಕೊಳ್ಳುವವನಿಗೆ ಮಾರುವವನು ಎಷ್ಟು ಕೊಟ್ಟು ಕೊಂಡಿದ್ದ ಎಂಬುದು ಬೇಕಾಗಿಲ್ಲದ ವಿಷಯ. ಅಡುಗೆಮನೆಗೆ ಎಷ್ಟು ಖರ್ಚು ಮಾಡಿದೆ, ಮಕ್ಕಳು ಇಲ್ಲೇ ಬೆಳೆದರು ಎಂಬುದೂ ಅಷ್ಟೇ.

ಮಾರುವವರಿಗೆ ಮೊದಲ ಸಲಹೆ ಇಲ್ಲಿಂದಲೇ ಹುಟ್ಟುತ್ತದೆ. ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ, ಒಂದೇ ನಕ್ಷೆಯ ಎರಡು ಫ್ಲಾಟುಗಳು ಒಂದೇ ವಾರ ಮಾರಾಟಕ್ಕೆ ಬಂದವು ಎಂದು ಕಲ್ಪಿಸಿಕೊಳ್ಳಿ. ಆ ದಿನದ ನ್ಯಾಯವಾದ ಬೆಲೆ 100, ಮಾರುಕಟ್ಟೆ ತಿಂಗಳಿಗೆ 0.5ರಷ್ಟು ಇಳಿಯುತ್ತಿದೆ. ಒಬ್ಬರು 99 ಎಂದು ಹೇಳಿ, ಬಂದ ಮೂವರಲ್ಲಿ ಒಬ್ಬರೊಂದಿಗೆ ಚೌಕಾಸಿ ನಡೆಸಿ ಐದಾರು ವಾರಗಳಲ್ಲಿ 97ಕ್ಕೆ ಮುಗಿಸುತ್ತಾರೆ. ಇನ್ನೊಬ್ಬರು ಚೌಕಾಸಿಗೆ ಜಾಗ ಬಿಟ್ಟಿರಲಿ ಎಂದು 108 ಕೇಳುತ್ತಾರೆ. ಎರಡು ತಿಂಗಳು ಯಾರೂ ಬರುವುದಿಲ್ಲ. 104ಕ್ಕೆ ಇಳಿಸುತ್ತಾರೆ, ಆಗ ಮಾರುಕಟ್ಟೆ 99ರಲ್ಲಿದೆ. ಇನ್ನೆರಡು ತಿಂಗಳ ಬಳಿಕ 100ಕ್ಕೆ ಇಳಿಸಿದಾಗ ಮಾರುಕಟ್ಟೆ 98ಕ್ಕೆ ಹೋಗಿದೆ, ಜೊತೆಗೆ ಪಕ್ಕದ ಫ್ಲಾಟು 97ಕ್ಕೆ ನೋಂದಣಿಯಾದದ್ದು ಎಲ್ಲರಿಗೂ ಗೊತ್ತಾಗಿದೆ. ಎಂಟನೆಯ ತಿಂಗಳಲ್ಲಿ, ಇಷ್ಟು ದಿನ ಹೋಗದ ಮನೆಯಲ್ಲಿ ಏನೋ ಐಬಿರಬೇಕು ಎಂಬ ಅನುಮಾನದ ನಡುವೆ, 93ಕ್ಕೆ ಒಪ್ಪಬೇಕಾಗುತ್ತದೆ. ಆ ಎಂಟು ತಿಂಗಳ ಸಾಲದ ಬಡ್ಡಿ, ನಿರ್ವಹಣಾ ಶುಲ್ಕ, ತೆರಿಗೆ ಎಲ್ಲ ಸೇರಿ ತಿಂಗಳಿಗೆ ಬೆಲೆಯ ಶೇ. 0.6ರಷ್ಟೇ ಎಂದರೂ ಇನ್ನೂ ಐದರ ಹತ್ತಿರ ಹೋಗುತ್ತದೆ. ಪಕ್ಕದವರಿಗೂ ತಗಲಿದ ಐದಾರು ವಾರಗಳ ಖರ್ಚನ್ನು ಕಳೆದರೂ, ಎಂಟು ತಿಂಗಳ ಹಟದ ಬೆಲೆ ಒಟ್ಟು ಎಂಟಕ್ಕೆ ಸಮೀಪ.

ಹೀಗೆ ಇಳಿಯುವ ಬೆಲೆಯ ಬೆನ್ನು ಹತ್ತಿ ಓಡುವ ಸ್ಥಿತಿಗೆ ಮೂಲ ಕಾರಣ, ಮನೆಯ ಮೇಲೆ ಹೆಚ್ಚು ಕಣ್ಣು ಬೀಳುವುದು ಮೊದಲ ಎರಡು ಮೂರು ವಾರಗಳಲ್ಲಿ ಎಂಬುದನ್ನು ಮರೆಯುವುದು. ಆ ಅವಧಿಯಲ್ಲಿ ಬಂದು ನೋಡಿದ ಗಂಭೀರ ಗಿರಾಕಿ, ಬೆಲೆ ಇಳಿಸಿದ ಸುದ್ದಿ ತಿಳಿದು ಮತ್ತೆ ಬರುವುದು ಕಡಿಮೆ. ಅಷ್ಟರಲ್ಲಿ ಅವನು ಬೇರೆ ಮನೆಗೆ ಮುಂಗಡ ಕೊಟ್ಟಿರುತ್ತಾನೆ. ಇಳಿಸಲೇಬೇಕಾದರೆ ಚೂರು ಚೂರಾಗಿ ನಾಲ್ಕು ಸಲ ಇಳಿಸುವ ಬದಲು ಗಿರಾಕಿಯ ಹುಡುಕಾಟದ ಮಿತಿಯೊಳಗೆ ಬರುವಂತೆ ಒಂದೇ ಸಲ ಇಳಿಸುವುದು ಮೇಲು. ಬೆಲೆ ನಿಗದಿಗೆ ಆಧಾರವಾಗಬೇಕಾದದ್ದು ಕಳೆದ ಎರಡು ಮೂರು ತಿಂಗಳಲ್ಲಿ ನಿಜಕ್ಕೂ ಮಾರಾಟವಾದ ಅಂಥದೇ ಮನೆಗಳ ನೋಂದಣಿ ಮೊತ್ತ. ಜಾಹೀರಾತಿನಲ್ಲಿ ಕಾಣುವ ಬೆಲೆಗಳು ಮಾರಿಹೋಗದ ಮನೆಗಳ ಬೆಲೆಗಳು ಎಂಬುದು ನೆನಪಿರಲಿ.

ದಲ್ಲಾಳಿ ಅಥವಾ ಏಜೆಂಟ್ ಕೊಡುವ ಸಲಹೆಯನ್ನು ಎಷ್ಟು ನಂಬಬೇಕು? ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ 2008ರಲ್ಲಿ ಪ್ರಕಟಿಸಿದ, ಅಮೆರಿಕದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಆಧರಿಸಿದ ಅಧ್ಯಯನದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಗ್ರಾಹಕರ ಮನೆಗಳಿಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು ಶೇ. 3.7ರಷ್ಟು ಹೆಚ್ಚು ಬೆಲೆಗೆ ಮಾರುತ್ತಿದ್ದರು ಎಂದು ಕಂಡುಬಂತು. ಇದರಲ್ಲಿ ಆಶ್ಚರ್ಯವಿಲ್ಲ. ಶೇ. 2ರ ದಲ್ಲಾಳಿ ಶುಲ್ಕದ ಲೆಕ್ಕದಲ್ಲಿ ಬೆಲೆ 100ರಿಂದ 97ಕ್ಕೆ ಇಳಿದರೆ ಮಾಲೀಕರಿಗೆ 3 ನಷ್ಟ, ದಲ್ಲಾಳಿಗೆ ಬರೀ 0.06. ವ್ಯವಹಾರ ಬೇಗ ಮುಗಿಯುವುದೇ ಅವರಿಗೆ ಲಾಭ. ಹಾಗೆಂದು ದಾಸ್ತಾನು ಏರುತ್ತಿರುವಾಗ ಅವರು ಬೆಲೆ ಇಳಿಸಿ ಎಂದರೆ ಅದು ಸುಳ್ಳು ಎನ್ನುವಂತಿಲ್ಲ. ಅವರ ಸ್ವಾರ್ಥ ಮತ್ತು ಸತ್ಯ ಒಂದೇ ಕಡೆ ಬೀಳುವ ಕಾಲವಿದು. ಇಳಿಸಿ ಎನ್ನುವವರಿಂದ ಇತ್ತೀಚಿನ ಮೂರು ನಾಲ್ಕು ನಿಜ ಮಾರಾಟಗಳ ವಿವರ ಕೇಳಿ. ಕೊಡಬಲ್ಲವರ ಮಾತು ಕೇಳಬಹುದು.

ಬಾಗಿಲಿಗೆ ಬಂದ ಎಲ್ಲ ಗಿರಾಕಿಗಳೂ ಒಂದೇ ಅಲ್ಲ ಎಂಬುದೂ ಮಾರುವವರ ಗಮನದಲ್ಲಿರಬೇಕು. ಸಾಲಕ್ಕೆ ಬ್ಯಾಂಕಿನ ತಾತ್ವಿಕ ಒಪ್ಪಿಗೆ ಪಡೆದು ಬಂದವರು 96 ಎಂದರೂ, ತಮ್ಮ ಹಳೆಯ ಮನೆ ಮಾರಿದ ಮೇಲೆ ಕೊಡುತ್ತೇವೆ ಎಂದು 98 ಹೇಳುವವರಿಗಿಂತ ಅವರು ಮೇಲು, ಏಕೆಂದರೆ ಎರಡನೆಯವರ ಹಳೆಯ ಮನೆಯೂ ಇದೇ ನಿಧಾನದ ಮಾರುಕಟ್ಟೆಯಲ್ಲಿ ಮಾರಿಹೋಗಬೇಕು. ದುಬಾರಿ ನವೀಕರಣದ ಗೋಜಿಗೆ ಹೋಗದಿರುವುದು ಒಳ್ಳೆಯದು; ಸೋರುವ ನಲ್ಲಿ, ಕಿಟಕಿಯ ಮುರಿದ ಚಿಲಕ, ಮಾಸಿದ ಸುಣ್ಣಬಣ್ಣಗಳ ದುರಸ್ತಿ ಸಾಕು. ಕಾಗದಪತ್ರಗಳನ್ನು ಮಾತ್ರ ಮೊದಲೇ ಹೊಂದಿಸಿಟ್ಟುಕೊಳ್ಳಬೇಕು. ಆಯ್ಕೆ ಬಹಳವಿರುವ ಗಿರಾಕಿ ನಿಮ್ಮ ಒಂದು ದಾಖಲೆಗಾಗಿ ತಿಂಗಳು ಕಾಯುವುದಿಲ್ಲ. ಮಾರುವ ಅವಸರವಿಲ್ಲದವರು ಮನೆಯನ್ನು ಪಟ್ಟಿಯಿಂದ ತೆಗೆದು ಒಂದೆರಡು ವರ್ಷ ಬಾಡಿಗೆಗೆ ಕೊಡುವುದೂ ಸರಿಯಾದ ನಿರ್ಧಾರವೇ, ಆದರೆ ಬಾಡಿಗೆಯು ಬಡ್ಡಿ ಮತ್ತು ನಿರ್ವಹಣೆಯ ಎಷ್ಟು ಭಾಗವನ್ನು ತುಂಬುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿದ ಬಳಿಕ. ಹಾಗೆ ಯೋಚಿಸುವವರು ಬಹಳ ಜನರಿದ್ದರೆ ಬಾಡಿಗೆಯೂ ಇಳಿಯುತ್ತದೆ.

ಈಗ ಕೊಳ್ಳುವವರ ವಿಷಯ. ಅವರಿಗೆ ಸಿಕ್ಕಿರುವ ದೊಡ್ಡ ಲಾಭ ರಿಯಾಯಿತಿ ಎಂದು ನನಗನಿಸುವುದಿಲ್ಲ. ಮನೆಗಳಿಗೆ ಬರ ಬಂದಿದ್ದ 2021 ಮತ್ತು 2022ರಲ್ಲಿ ಅಮೆರಿಕದ ಅನೇಕ ಕೊಳ್ಳುವವರು ಪೈಪೋಟಿಯಲ್ಲಿ ಗೆಲ್ಲಲು ಮನೆಯ ತಾಂತ್ರಿಕ ತಪಾಸಣೆಯ ಹಕ್ಕನ್ನೇ ಬಿಟ್ಟುಕೊಟ್ಟು, ಆಮೇಲೆ ಛಾವಣಿ, ಅಡಿಪಾಯಗಳ ದುರಸ್ತಿಗೆ ಹಣ ಸುರಿದರು. ದಾಸ್ತಾನು ಹೆಚ್ಚಿದಾಗ ಆ ಹಕ್ಕು ಮರಳಿ ಬರುತ್ತದೆ. ಮನೆಯನ್ನು ಹಗಲೊಮ್ಮೆ, ರಾತ್ರಿಯೊಮ್ಮೆ, ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಒಮ್ಮೆ ನೋಡಬೇಕು. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆ ಎಂದು ಕೇಳಬೇಕು. ಅಲಮಾರಿಯ ಬಾಗಿಲು ತೆರೆದು ಹಿಂಬದಿಯ ಗೋಡೆಯನ್ನು ಅಂಗೈಯಿಂದ ಮುಟ್ಟಿದರೆ ತೇವ ತಿಳಿಯುತ್ತದೆ. ಬಚ್ಚಲಿನ ನೆಲಕ್ಕೆ ಒಂದು ತಂಬಿಗೆ ನೀರು ಸುರಿದು ಅದು ಎತ್ತ ಹರಿಯುತ್ತದೆ ಎಂದು ನೋಡಲು ಯಾವ ಎಂಜಿನಿಯರ್ ಬೇಕಾಗಿಲ್ಲ. ಉಳಿದದ್ದಕ್ಕೆ ಎಂಜಿನಿಯರ್, ಹಕ್ಕುಪತ್ರ ಮತ್ತು ಋಣಭಾರಗಳ ಪರಿಶೀಲನೆಗೆ ನಿಮ್ಮದೇ ವಕೀಲರು ಬೇಕು. ಮಾರುವವರೋ ದಲ್ಲಾಳಿಯೋ ಸೂಚಿಸಿದವರಲ್ಲ. ತಪಾಸಣೆಯಲ್ಲಿ ಸಿಕ್ಕ ದೋಷಗಳ ಪಟ್ಟಿಯೇ ಚೌಕಾಸಿಯ ಅತ್ಯುತ್ತಮ ಆಧಾರ. ಬೆಲೆ ಹೆಚ್ಚಾಯಿತು ಎಂಬ ಬರಿಯ ಮಾತಿಗಿಂತ, ಛಾವಣಿಯ ದುರಸ್ತಿಗೆ ಇಷ್ಟು ಖರ್ಚಿದೆ ಎಂಬ ಲಿಖಿತ ಅಂದಾಜಿಗೆ ಮಾಲೀಕರು ಬೇಗ ಒಪ್ಪುತ್ತಾರೆ, ಏಕೆಂದರೆ ಅದರಲ್ಲಿ ಅವರ ಮಾನಕ್ಕೆ ಕುಂದಿಲ್ಲ.

ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಎಷ್ಟು ಸಲ ಬೆಲೆ ಇಳಿದಿದೆ, ಮಾಲೀಕರು ಏಕೆ ಮಾರುತ್ತಿದ್ದಾರೆ ಎಂಬ ಮೂರು ವಿಷಯಗಳು ಚೌಕಾಸಿಯ ದಿಕ್ಕನ್ನು ಹೇಳುತ್ತವೆ. ಕೆಲವರು ಮನೆಯನ್ನು ಪಟ್ಟಿಯಿಂದ ತೆಗೆದು ಸ್ವಲ್ಪ ದಿನ ಬಿಟ್ಟು ಹೊಸದೆಂಬಂತೆ ಹಾಕುತ್ತಾರೆ. ಹಳೆಯ ಜಾಹೀರಾತಿನ ಚಿತ್ರಗಳು ಇದನ್ನು ಬಯಲು ಮಾಡುತ್ತವೆ. ಬೇರೆ ಊರಿನಲ್ಲಿ ಆಗಲೇ ಮನೆ ಕೊಂಡು ಎರಡೂ ಕಡೆ ಕಂತು ಕಟ್ಟುತ್ತಿರುವವರಿಗೆ ನಿಮ್ಮ ಬೆಲೆಗಿಂತ ನೋಂದಣಿಯ ದಿನಾಂಕ ಮುಖ್ಯವಾಗಿರಬಹುದು. ಅಂಥವರಿಗೆ ಬೇಗ ಮುಗಿಸುವ ಭರವಸೆ ಕೊಟ್ಟು ಬೆಲೆ ಕೇಳಬೇಕು.

ಹೊಸ ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬಿಲ್ಡರ್‌ಗಳು ಘೋಷಿತ ಬೆಲೆಯನ್ನು ಇಳಿಸಲು ಸುಲಭವಾಗಿ ಒಪ್ಪುವುದಿಲ್ಲ. ಇಳಿಸಿದರೆ ಮೊದಲು ಕೊಂಡವರು ಸಿಟ್ಟಾಗುತ್ತಾರೆ, ಉಳಿದ ಫ್ಲಾಟುಗಳ ಮೌಲ್ಯವೂ ಕುಗ್ಗಿ ಅವರಿಗೆ ಸಾಲ ಕೊಟ್ಟ ಬ್ಯಾಂಕು ಪ್ರಶ್ನೆ ಕೇಳುತ್ತದೆ. ಅದರ ಬದಲು ಕಾರು ನಿಲ್ಲಿಸುವ ಜಾಗ ಉಚಿತ, ಅಡುಗೆಮನೆಯ ಮರಗೆಲಸ ಉಚಿತ, ಕೀಲಿಕೈ ಕೊಡುವವರೆಗಿನ ಬಡ್ಡಿ ನಮ್ಮದು ಎಂದೆಲ್ಲ ಕೊಡುಗೆಗಳು ಬರುತ್ತವೆ. ಪ್ರತಿಯೊಂದನ್ನೂ ಹಣಕ್ಕೆ ತಿರುಗಿಸಿ, ಅಷ್ಟನ್ನು ಬೆಲೆಯಲ್ಲೇ ಕಡಿಮೆ ಮಾಡುತ್ತೀರಾ ಎಂದು ಕೇಳಿದರೆ ಕೊಡುಗೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ಬಿಲ್ಡರ್ ಭರಿಸುವ ಬಡ್ಡಿ ನಡುವೆ ನಿಂತುಹೋದರೆ ಬ್ಯಾಂಕು ಹಿಡಿಯುವುದು ಸಾಲ ಪಡೆದ ನಿಮ್ಮನ್ನೇ.

ನಿರ್ಮಾಣ ಹಂತದ ಮನೆಯ ಅಪಾಯ ಇನ್ನೂ ಗಂಭೀರ. ಅನೇಕ ಬಿಲ್ಡರ್‌ಗಳು ಕಟ್ಟಡ ಮುಗಿಸುವುದೇ ಮುಂದಿನ ಫ್ಲಾಟುಗಳ ಮಾರಾಟದಿಂದ ಬರುವ ಮುಂಗಡದಲ್ಲಿ. ಮಾರಾಟ ನಿಂತರೆ ಕೆಲಸವೂ ನಿಲ್ಲುತ್ತದೆ. ಚೀನಾದ ಎವರ್‌ಗ್ರಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ 2021ರ ಕೊನೆಯಲ್ಲಿ ಸಾಲ ತೀರಿಸಲಾಗದ ಸ್ಥಿತಿ ತಲುಪಿದ ಬಳಿಕ ಆದದ್ದು ಇದೇ. 2022ರಲ್ಲಿ ಆ ದೇಶದ ಹಲವು ನಗರಗಳಲ್ಲಿ, ಅರ್ಧಕ್ಕೆ ನಿಂತ ಮನೆಗಳಿಗೆ ಕಂತು ಕಟ್ಟುವುದಿಲ್ಲ ಎಂದು ಕೊಂಡವರು ಸಾಮೂಹಿಕವಾಗಿ ಘೋಷಿಸಿದರು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಕಂಪನಿಯನ್ನು ಮುಚ್ಚುವಂತೆ ಆದೇಶಿಸಿತು. ಕೆಲವು ದೇಶಗಳಲ್ಲಿ ಮುಂಗಡದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಕಾಮಗಾರಿಯ ಪ್ರಗತಿಗೆ ತಕ್ಕಂತೆ ಬಿಡಬೇಕೆಂಬ ಕಾನೂನಿದೆ, ಅದು ಸ್ವಲ್ಪ ರಕ್ಷಣೆ ಕೊಡುತ್ತದೆ. ಆದರೂ ಸಿದ್ಧ ಮನೆಗಳೇ ಸಾಲುಗಟ್ಟಿ ನಿಂತಿರುವಾಗ, ದೊಡ್ಡ ವ್ಯತ್ಯಾಸವಿಲ್ಲದ ಬೆಲೆಗೆ ಇನ್ನೂ ತಳಪಾಯದಲ್ಲಿರುವ ಮನೆಯನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಬೆಲೆ ತಳ ಮುಟ್ಟುವವರೆಗೆ ಕಾಯೋಣ ಎನ್ನುವವರು ಒಂದು ಲೆಕ್ಕ ನೋಡಬೇಕು. ಇಪ್ಪತ್ತು ವರ್ಷಗಳ ಸಾಲದಲ್ಲಿ ಬಡ್ಡಿ ಶೇ. 8ರಿಂದ 9ಕ್ಕೆ ಏರಿದರೆ ಮಾಸಿಕ ಕಂತು ಸುಮಾರು ಶೇ. 7.6ರಷ್ಟು ಹೆಚ್ಚುತ್ತದೆ, ಅದನ್ನು ಸರಿದೂಗಿಸಲು ಮನೆಯ ಬೆಲೆ ಶೇ. 7ರಷ್ಟು ಇಳಿಯಬೇಕು. ಬಡ್ಡಿ ಇಳಿದರೆ ಕಂತು ಹಗುರವಾಗುತ್ತದೆ ನಿಜ, ಆದರೆ ಹೊರಗೆ ಕಾಯುತ್ತಿದ್ದ ಎಲ್ಲರಿಗೂ ಅದು ಹಗುರವಾಗಿ, ಅವರೆಲ್ಲ ಒಟ್ಟಿಗೆ ಬಂದಾಗ ಚೌಕಾಸಿಯ ಬಲ ಮತ್ತೆ ಕೈತಪ್ಪುತ್ತದೆ. ತಳ ಎಲ್ಲಿತ್ತು ಎಂಬುದು ಅದನ್ನು ದಾಟಿ ಕೆಲವು ತಿಂಗಳಾದ ಮೇಲೆ ಅಂಕಿಅಂಶಗಳಲ್ಲಿ ಕಾಣುವ ಸಂಗತಿ. ಏಳೆಂಟು ವರ್ಷ ಅದೇ ಮನೆಯಲ್ಲಿ ಇರುವ ಉದ್ದೇಶ, ಉದ್ಯೋಗದ ಭದ್ರತೆ, ಆರು ತಿಂಗಳ ಕಂತಿನಷ್ಟು ಉಳಿತಾಯ ಇವು ಇದ್ದವರು ಒಪ್ಪುವ ಮನೆ ಸಿಕ್ಕಾಗ ಕೊಳ್ಳಬಹುದು. ಎರಡು ಮೂರು ವರ್ಷಗಳಲ್ಲಿ ಊರು ಬಿಡುವ ಸಾಧ್ಯತೆ ಇರುವವರು ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ಬಾಡಿಗೆಯಲ್ಲೇ ಇರುವುದು ಲೇಸು, ಏಕೆಂದರೆ ಅವರು ಬೇಗನೆ ಇದೇ ಮಾರುಕಟ್ಟೆಯಲ್ಲಿ ಮಾರುವವರಾಗಿ ನಿಲ್ಲಬೇಕಾಗುತ್ತದೆ.

ಒಂದು ಮನೆ ಮಾರಿ ಇನ್ನೊಂದು ಕೊಳ್ಳುವವರಿಗೆ ಈ ಕಾಲ ತೋರುವಷ್ಟು ಕೆಟ್ಟದ್ದಲ್ಲ. 100 ಬೆಲೆಯ ಮನೆ ಮಾರಿ 150ರದನ್ನು ಕೊಳ್ಳಲು ಮೊದಲು 50 ಬೇಕಿತ್ತು, ಎರಡೂ ಶೇ. 10 ಇಳಿದರೆ 90ಕ್ಕೆ ಮಾರಿ 135ಕ್ಕೆ ಕೊಳ್ಳಬಹುದು, ಬೇಕಾಗುವುದು 45. ಮಾರುವಾಗ ಕಳೆದದ್ದರ ಕಡೆಗೇ ಗಮನವಿಟ್ಟವರಿಗೆ ಕೊಳ್ಳುವಾಗ ಉಳಿದದ್ದು ಕಾಣುವುದಿಲ್ಲ. ಹಳೆಯ ಮನೆಯ ಮೇಲೆ 90ಕ್ಕಿಂತ ಹೆಚ್ಚು ಸಾಲ ಬಾಕಿಯಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕ್ರಮವೂ ಮುಖ್ಯ: ಮನೆಗಳು ಸಿಗದ ಕಾಲದಲ್ಲಿ ಮೊದಲು ಕೊಂಡು ಆಮೇಲೆ ಮಾರುವುದು ಜಾಣತನವಾಗಿದ್ದರೆ, ಮನೆಗಳು ತುಂಬಿದ ಕಾಲದಲ್ಲಿ ಮೊದಲು ಮಾರಬೇಕು. ನಡುವಿನ ದಿನಗಳಿಗಾಗಿ, ಮಾರಿದ ಮನೆಯಲ್ಲೇ ಎರಡು ಮೂರು ತಿಂಗಳು ಬಾಡಿಗೆ ಕೊಟ್ಟು ಇರಲು ಅವಕಾಶ ಕೊಡಿ ಎಂದು ಕೊಳ್ಳುವವರನ್ನು ಕೇಳಬಹುದು; ಒಪ್ಪಿದರೆ ಬಾಡಿಗೆಯ ಮೊತ್ತ, ಬಿಟ್ಟುಕೊಡುವ ದಿನಾಂಕ, ತಡವಾದರೆ ದಿನಕ್ಕೆ ಎಷ್ಟು ದಂಡ ಎಂಬುದನ್ನು ಕರಾರು ಪತ್ರದಲ್ಲೇ ಬರೆಸಬೇಕು.